ಎಲ್ಟ್ಸ್ ನೋಡುವುದಾ, ಮಾರ್ಕ್ಸ್‌ಬರ್ಗ್ ನೋಡುವುದಾ?

ಊರಿಂದ ಅಪ್ಪ ಅಮ್ಮ ಬಂದರೆ ಸಾಕು, ಜರ್ಮನಿಯಲ್ಲಿರುವ ನಮ್ಮವರು ಅವರನ್ನು ಮೊದಲು ಕರೆದುಕೊಂಡು ಹೋಗುವುದು ನಾಯ್‌ಶ್ವಾನ್‌ಸ್ಟೈನ್‌ಗೆ. ಚೆನ್ನಾಗಿದೆ, ಬೇಡ ಅನ್ನುವುದಿಲ್ಲ. ಆದರೆ ಅದು ಹಳೇ ಕೋಟೆ ಅಲ್ಲ. ಬವೇರಿಯಾದ ರಾಜ ಎರಡನೇ ಲುಡ್ವಿಗ್ ಅದನ್ನು ಕಟ್ಟಿಸಲು ಶುರು ಮಾಡಿದ್ದು 1869ರಲ್ಲಿ. ಆ ಹೊತ್ತಿಗೆ ಜರ್ಮನಿಯಲ್ಲಿ ರೈಲು ಓಡಲು ಶುರುವಾಗಿ ಮೂವತ್ತು ವರ್ಷದ ಮೇಲಾಗಿತ್ತು. ಮುತ್ತಿಗೆ ಹಾಕಿಸಿಕೊಂಡು, ಜನ ನಿಜವಾಗಿ ಬಾಳಿ ಬದುಕಿದ ಕೋಟೆ ನೋಡಬೇಕು ಅಂದರೆ, ಫ್ರಾಂಕ್‌ಫರ್ಟ್ ಸುತ್ತಮುತ್ತ ಇರುವವರು ಅಷ್ಟು ದೂರ ಹೋಗುವುದೇ ಬೇಡ. ರೈನ್ ಮತ್ತು ಮೋಸೆಲ್ ನದಿಗಳ ಕಣಿವೆ ಸಾಕು.

ಅಲ್ಲಿ ಎಲ್ಲರೂ ಹೇಳುವ ಹೆಸರು ಮೂರು. ಎಲ್ಟ್ಸ್, ಮಾರ್ಕ್ಸ್‌ಬರ್ಗ್, ಕೋಹೆಮ್. ನಾವು ಮೂರಕ್ಕೂ ಹೋದೆವು. ಜೊತೆಯಲ್ಲಿ ಎಂಟು ವರ್ಷದ ಮಗ, ಮಂಡಿ ನೋವಿನ ಅಮ್ಮ, ಚಿತ್ರದುರ್ಗದ ಕೋಟೆ ಹತ್ತಿ ಇಳಿದೇ ಬೆಳೆದ ಅಪ್ಪ. ಕೊನೆಯವರನ್ನು ಮೆಚ್ಚಿಸುವುದೇ ಕಷ್ಟ.

ಕೋಹೆಮ್ ವಿಷಯ ಬೇಗ ಮುಗಿಸುತ್ತೇನೆ. ಮೋಸೆಲ್ ದಡದ ಊರು, ಮೇಲೆ ಗುಡ್ಡದ ತುದಿಗೆ ಕೋಟೆ. ದೂರದಿಂದ ನೋಡಲು ಬಹಳ ಚೆಂದ. ಆದರೆ ಮೂಲ ಕೋಟೆಯನ್ನು 1689ರಲ್ಲಿ ಫ್ರಾನ್ಸಿನ ಸೈನ್ಯ ಹಾಳು ಮಾಡಿತು. 1868ರಲ್ಲಿ ಲೂಯಿ ರಾವೆನೆ ಎಂಬ ಬರ್ಲಿನ್‌ನ ವ್ಯಾಪಾರಿ ಆ ಪಾಳು ಕೊಂಡುಕೊಂಡು, ತನ್ನ ಬೇಸಿಗೆ ಮನೆಯಾಗಿ ಮತ್ತೆ ಕಟ್ಟಿಸಿದ. ಒಳಗೆ ಕಾಣುವ ಹೆಚ್ಚಿನದೆಲ್ಲ ಅವನ ಕಾಲದ ರುಚಿ. ಊರು ಸುತ್ತಿ, ಕೋಟೆಯನ್ನು ಕೆಳಗಿನಿಂದಲೇ ನೋಡಿ ಐಸ್‌ಕ್ರೀಮ್ ತಿಂದು ಬಂದರೂ ನಷ್ಟ ಇಲ್ಲ. ನಿಜವಾದ ಪೈಪೋಟಿ ಉಳಿದ ಎರಡರ ನಡುವೆ.

ಎಲ್ಟ್ಸ್‌ಗೆ ಕಾರಿನಲ್ಲಿ ಹೋದರೆ ಪಾರ್ಕಿಂಗ್ ಮೇಲೆ, ಕೋಟೆ ಕೆಳಗೆ. ಕಾಡಿನ ದಾರಿಯಲ್ಲಿ ಇಳಿಯುತ್ತಾ ಹೋಗುತ್ತೀರಿ, ಏನೂ ಕಾಣುವುದಿಲ್ಲ. ಒಂದು ತಿರುವು ದಾಟಿದರೆ ಇಡೀ ಕೋಟೆ ಒಮ್ಮೆಲೇ ಎದುರಿಗೆ. ಸುಮಾರು 70 ಮೀಟರ್ ಎತ್ತರದ ಬಂಡೆ, ಮೂರು ಕಡೆ ಎಲ್ಟ್ಸ್‌ಬಾಖ್ ಎಂಬ ಹಳ್ಳ, ಬಂಡೆಯ ಮೇಲೆ ಒಂದಕ್ಕೊಂದು ಅಂಟಿಕೊಂಡು ಎದ್ದ ಗೋಪುರಗಳು. ಹಿಂದೆ 500 ಮಾರ್ಕ್ ನೋಟಿನ ಹಿಂಬದಿಯಲ್ಲಿ ಇದೇ ಚಿತ್ರ ಇತ್ತು. ಈ ಒಂದು ನೋಟದ ಮಟ್ಟಿಗೆ ಎಲ್ಟ್ಸ್‌ಗೆ ಸಾಟಿ ಇಲ್ಲ. ನಮ್ಮವರು ಫೋಟೋ ತೆಗೆದು ಮುಗಿಸುವುದಕ್ಕೇ ಅರ್ಧ ಗಂಟೆ ಬೇಕಾಯಿತು.

ಒಳಗಿನ ಕಥೆ ಅಮ್ಮನಿಗೆ ಹೇಳಿ ಮಾಡಿಸಿದ ಹಾಗಿತ್ತು. ಈ ಮನೆತನದ ಹೆಸರು ದಾಖಲೆಯಲ್ಲಿ ಮೊದಲು ಬರುವುದು 1157ರಲ್ಲಿ. ಇವತ್ತಿಗೂ ಕೋಟೆ ಅದೇ ಮನೆತನದ ಕೈಯಲ್ಲಿದೆ. 1268ರ ಹೊತ್ತಿಗೆ ಮೂವರು ಅಣ್ಣ ತಮ್ಮಂದಿರ ನಡುವೆ ಪಾಲಾಯಿತು. ಪಾಲಾದರೂ ಯಾರೂ ಎದ್ದು ಹೋಗಲಿಲ್ಲ. ಕೆಂಪೆನಿಖ್, ರೂಬೆನಾಖ್, ರೋಡೆನ್‌ಡಾರ್ಫ್ ಎಂಬ ಮೂರು ಕವಲು ಒಂದೇ ಅಂಗಳದ ಸುತ್ತ ಬೇರೆ ಬೇರೆ ಮನೆ ಕಟ್ಟಿಕೊಂಡು ಶತಮಾನಗಟ್ಟಲೆ ಇದ್ದರು. ಜಾಗ ಚಿಕ್ಕದು, ಸಂಸಾರ ದೊಡ್ಡದು. ಅದಕ್ಕೇ ಎಲ್ಲವೂ ಮೇಲಕ್ಕೆ ಬೆಳೆದಿದೆ. "ಅಲ್ಲಾ, ಜಗಳ ಆಡ್ತಿರಲಿಲ್ವಂತಾ?" ಅಂತ ಅಮ್ಮ ಕೇಳಿದರು. ಅದಕ್ಕೆ ಉತ್ತರ ದೊಡ್ಡ ಹಜಾರದಲ್ಲಿದೆ. ಮೂರೂ ಮನೆಯವರು ಸೇರುತ್ತಿದ್ದ ಜಾಗ ಅದು. ಗೋಡೆಯಲ್ಲಿ ವಿದೂಷಕನ ಮುಖಗಳಿವೆ, ಇಲ್ಲಿ ಯಾರು ಏನು ಬೇಕಾದರೂ ಮಾತಾಡಬಹುದು ಅಂತ. ಬಾಗಿಲ ಮೇಲೆ ಒಂದು ಗುಲಾಬಿ ಇದೆ, ಆಡಿದ ಮಾತು ಈ ಬಾಗಿಲು ದಾಟಬಾರದು ಅಂತ. ಅಮ್ಮ ಆ ಗುಲಾಬಿಯನ್ನು ಬಹಳ ಹೊತ್ತು ನೋಡಿದರು. ನಮ್ಮ ಸೋದರತ್ತೆ ಮನೆಯ ನೆನಪಾಗಿರಬೇಕು.

ರೂಬೆನಾಖ್ ಮನೆಯ ಮಲಗುವ ಕೋಣೆಯಲ್ಲಿ ಗೋಡೆ ತುಂಬಾ ಬಳ್ಳಿ ಹೂವಿನ ಚಿತ್ರ. ಕೆಳಗಿನ ಹಜಾರದಲ್ಲಿ ಜರ್ಮನಿಯ ಹಳೇ ಕಾಲದ ದೊಡ್ಡ ಚಿತ್ರಕಾರ ಲೂಕಾಸ್ ಕ್ರಾನಾಖ್ ಬರೆದ ಮೇರಿ ಮತ್ತು ಮಗುವಿನ ಚಿತ್ರ ಇದೆ. ರೋಡೆನ್‌ಡಾರ್ಫ್ ಮನೆಯ ಅಡುಗೆಕೋಣೆಯೂ ಇದೆ. ಕೆಂಪೆನಿಖ್ ಮನೆಗೆ ಮಾತ್ರ ನಮಗೆ ಪ್ರವೇಶ ಇಲ್ಲ. ಅದನ್ನು ಈಗಲೂ ಮನೆಯವರು ತಮಗಾಗಿ ಇಟ್ಟುಕೊಂಡಿದ್ದಾರೆ. ಒಳಗೆ ಫೋಟೋ ತೆಗೆಯುವ ಹಾಗಿಲ್ಲ. ಗೈಡ್ ಜೊತೆ ಸುಮಾರು 40 ನಿಮಿಷ, ಗುಂಪಿನ ಹಿಂದೆ ಇನ್ನೊಂದು ಗುಂಪು. ನನಗೆ ಕಿರಿಕಿರಿ ಆದದ್ದು ಇಲ್ಲೇ. ಒಂದು ಕೋಣೆಯಲ್ಲಿ ಕಣ್ಣು ನೆಡುವಷ್ಟರಲ್ಲಿ ಮುಂದಿನ ಕೋಣೆಗೆ ಕರೆ. ಬೆಳ್ಳಿ ಬಂಗಾರದ ಸಾಮಾನುಗಳ ಖಜಾನೆಯನ್ನು ಮಾತ್ರ ನಿಧಾನವಾಗಿ ನೋಡಬಹುದು, ಅದು ಟಿಕೆಟ್‌ನಲ್ಲೇ ಸೇರಿದೆ. ಅಲ್ಲಿ ಮೆಟ್ಟಿಲು ಜಾಸ್ತಿ. ಅಮ್ಮ ಹೊರಗೆ ಬೆಂಚಿನ ಮೇಲೆ ಕೂತರು.

ಅಪ್ಪನ ತೀರ್ಪು ಒಂದೇ ಮಾತಿನಲ್ಲಿ ಬಂತು. "ಇದು ಸಾಹುಕಾರರ ಮನೆ ಕಣಮ್ಮ. ಕೋಟೆ ಎಲ್ಲಿ?"

ಪೂರ್ತಿ ನ್ಯಾಯ ಅಲ್ಲ ಅದು. 1331ರಿಂದ ಐದು ವರ್ಷ ಟ್ರಿಯರ್‌ನ ಆರ್ಚ್‌ಬಿಷಪ್ ಬಾಲ್ಡ್ವಿನ್ ಎಲ್ಟ್ಸ್ ಮೇಲೆ ಹಗೆ ಸಾಧಿಸಿದ್ದಾನೆ. ಎದುರಿನ ಎತ್ತರದಲ್ಲಿ ಟ್ರುಟ್ಸೆಲ್ಟ್ಸ್ ಅಂತ ಇನ್ನೊಂದು ಚಿಕ್ಕ ಕೋಟೆಯನ್ನೇ ಕಟ್ಟಿ ಅಲ್ಲಿಂದ ಕಲ್ಲುಗುಂಡು ಎಸೆಸಿದ. ಅದರ ಪಾಳು ಕಾಡಿನಲ್ಲಿ ಈಗಲೂ ಇದೆ. ಆದರೆ 1689ರಲ್ಲಿ ಸುತ್ತಲಿನ ಕೋಟೆಗಳೆಲ್ಲ ಉರುಳಿದಾಗ ಎಲ್ಟ್ಸ್ ಉಳಿದದ್ದು ಗೋಡೆಯ ಬಲದಿಂದ ಅಲ್ಲ. ಮನೆತನದ ಒಬ್ಬ ಫ್ರಾನ್ಸಿನ ಸೈನ್ಯದಲ್ಲೇ ಅಧಿಕಾರಿಯಾಗಿದ್ದ. ಇದನ್ನು ಹೇಳಿದ ಮೇಲೆ ಅಪ್ಪನಿಗೆ ತಮ್ಮ ಮಾತೇ ಸರಿ ಅನ್ನಿಸಿತು.

ಮಾರ್ಕ್ಸ್‌ಬರ್ಗ್‌ಗೆ ನಾವು ರೈಲಿನಲ್ಲೇ ಹೋದೆವು. ಇದು ಅದರ ಮೊದಲ ಲಾಭ. ಫ್ರಾಂಕ್‌ಫರ್ಟ್‌ನಿಂದ ರೈನ್ ನದಿಯ ಬಲದಂಡೆಯಲ್ಲಿ ಸಾಗುವ ಆರ್‌ಬಿ 10 ರೈಲು ಕೋಟೆಯ ಕೆಳಗಿನ ಊರು ಬ್ರೌಬಾಖ್‌ನಲ್ಲೇ ನಿಲ್ಲುತ್ತದೆ. ಇಳಿದು ಹತ್ತುವ ತಾಪತ್ರಯ ಇಲ್ಲ, ಡಾಯ್ಚ್‌ಲಾಂಡ್ ಟಿಕೆಟ್ (ದೇಶದ ಲೋಕಲ್ ರೈಲು ಬಸ್ಸುಗಳಿಗೆಲ್ಲ ನಡೆಯುವ ತಿಂಗಳ ಪಾಸು) ಇದ್ದವರಿಗೆ ಬೇರೆ ಖರ್ಚೂ ಇಲ್ಲ. ಎಡಗಡೆ ಕಿಟಕಿ ಹಿಡಿದು ಕೂತರೆ ದಾರಿಯುದ್ದಕ್ಕೂ ನದಿ, ಎದುರು ದಡದ ಕೋಟೆಗಳು. ನದಿ ನಡುವಿನ ಪ್ಫಾಲ್ಟ್ಸ್ ಕೋಟೆಯನ್ನು ಮಗ ಹಡಗು ಅಂದುಕೊಂಡ. ದೋಣಿಗಳಿಂದ ಸುಂಕ ವಸೂಲಿ ಮಾಡಲು ಕಟ್ಟಿದ್ದು ಅದು. ಸಾಂಕ್ಟ್ ಗೋರ್ಸ್‌ಹೌಸನ್ ಹತ್ತಿರ ಬೆಕ್ಕು, ಇಲಿ ಅಂತ ಅಡ್ಡಹೆಸರಿರುವ ಎರಡು ಕೋಟೆಗಳಿವೆ. ಬೆಕ್ಕಿನ ಕೋಟೆ ಕಟ್ಟಿಸಿದ್ದು ಕಾಟ್ಸೆನೆಲ್ನ್‌ಬೋಗನ್ ದೊರೆಗಳು. ಮಾರ್ಕ್ಸ್‌ಬರ್ಗ್ ಕೂಡ 1283ರಿಂದ ಅವರದೇ ಆಗಿತ್ತು.

ಬ್ರೌಬಾಖ್‌ನಿಂದ ಮೇಲಕ್ಕೆ ನಡೆದರೆ ಏರು ಕಡಿದು. ಕೋಟೆ ನದಿಗಿಂತ ಸುಮಾರು 160 ಮೀಟರ್ ಮೇಲಿದೆ. ಕಾರಿದ್ದರೆ ಕೋಟೆಯ ಹತ್ತಿರದವರೆಗೂ ಹೋಗಬಹುದು. ಆಮೇಲಿನದು ಎಲ್ಲರಿಗೂ ಒಂದೇ. ಒಂದು ಬಾಗಿಲು, ಅದು ದಾಟಿದರೆ ತಿರುವು, ಮತ್ತೆ ಬಾಗಿಲು. ಕುದುರೆ ಹತ್ತಲಿ ಅಂತ ಬಂಡೆಯಲ್ಲೇ ಕಡಿದ ಅಗಲ ಮೆಟ್ಟಿಲುಗಳು, ಒಂದರ ಹಾಗೆ ಇನ್ನೊಂದಿಲ್ಲ. ಮೇಲಿಂದ ಶತ್ರುವಿನ ತಲೆ ಮೇಲೆ ಸುರಿಯಲು ಬಿಟ್ಟ ಕಿಂಡಿ. ಅಪ್ಪ ಅಲ್ಲೇ ನಿಂತು ಮೊಮ್ಮಗನಿಗೆ ಚಿತ್ರದುರ್ಗದ ಬಾಗಿಲುಗಳು ಯಾಕೆ ನೇರ ಸಾಲಿನಲ್ಲಿಲ್ಲ, ಆನೆ ಯಾಕೆ ಓಡಿ ಬಂದು ಗುದ್ದಲು ಆಗುವುದಿಲ್ಲ ಅಂತ ಪಾಠ ಶುರು ಮಾಡಿದರು. ಗೈಡ್ ಕಾದರು, ಪಾಪ.

ಮಧ್ಯ ರೈನ್ ಕಣಿವೆಯ ಗುಡ್ಡದ ಕೋಟೆಗಳಲ್ಲಿ ಯಾರೂ ಕೆಡವದೆ ಉಳಿದದ್ದು ಇದೊಂದೇ. 1945ರಲ್ಲಿ ಅಮೆರಿಕದ ಸೈನ್ಯ ಎದುರು ದಡದಿಂದ ಹಾರಿಸಿದ ಗುಂಡಿಗೆ ಪೆಟ್ಟಾಯಿತು, ರಿಪೇರಿ ಮಾಡಿದರು. ಒಳಗೆ ಬಂಗಾರ ಇಲ್ಲ, ದೊಡ್ಡ ಚಿತ್ರಕಾರರೂ ಇಲ್ಲ. ಒಂದು ಆಳು ನಿಲ್ಲುವಷ್ಟು ದೊಡ್ಡ ಒಲೆಯ ಅಡುಗೆಕೋಣೆ, ದ್ರಾಕ್ಷಾರಸದ ನೆಲಮಾಳಿಗೆ, ಕಮ್ಮಾರಸಾಲೆ, ನದಿ ಕಡೆ ಮೂತಿ ಮಾಡಿದ ಫಿರಂಗಿಗಳು, ಕಾಲಕಾಲದ ಯೋಧರ ಉಡುಪುಗಳ ಸಾಲು. ಆ ಕಾಲದಲ್ಲಿ ಬೆಳೆಸುತ್ತಿದ್ದ ಗಿಡಮೂಲಿಕೆಗಳ ತೋಟವೂ ಇದೆ. ಮಗನಿಗೆ ಇಷ್ಟವಾದದ್ದು ಗೋಡೆಯಿಂದ ಹೊರಗೆ ಚಾಚಿಕೊಂಡ ಪಾಯಿಖಾನೆ. ಕೂತರೆ ಕೆಳಗೆ ಬರೀ ಗಾಳಿ. ಚಳಿಗಾಲದಲ್ಲಿ ಏನು ಮಾಡುತ್ತಿದ್ದರು ಅಂತ ಅವನು ಕೇಳಿದ್ದೇ ಕೇಳಿದ್ದು. ಹಳೇ ಕುದುರೆಲಾಯದಲ್ಲಿ ಚಿತ್ರಹಿಂಸೆಯ ಸಾಮಾನು ಇಟ್ಟಿದ್ದಾರೆ. ಪುಕ್ಕಲು ಮಕ್ಕಳಿದ್ದರೆ ಅಲ್ಲಿಂದ ಬೇಗ ಹೊರಡಿಸಿ.

ಟೂರ್ ಇಲ್ಲೂ ಗೈಡ್ ಜೊತೆಗೇ, ಸುಮಾರು 50 ನಿಮಿಷ. ಆದರೆ ಜನ ಕಡಿಮೆ, ಪ್ರಶ್ನೆ ಕೇಳಲು ಬಿಡುವು ಇತ್ತು. ಇಂಗ್ಲಿಷ್ ಟೂರ್ ದಿನಕ್ಕೆ ಕೆಲವೇ, ಸಮಯ ನೋಡಿಕೊಂಡು ಹೋಗಿ. ಜರ್ಮನ್ ಟೂರ್‌ಗೆ ಸೇರಿಕೊಂಡು ನಾವೇ ಪಿಸುಮಾತಿನಲ್ಲಿ ಕನ್ನಡಕ್ಕೆ ತರ್ಜುಮೆ ಮಾಡುವುದು ಸುಸ್ತಿನ ಕೆಲಸ.

ಮಂಡಿ ಲೆಕ್ಕ ಹಾಕಿದರೆ ಎಲ್ಟ್ಸ್ ಸುಲಭ. ಪಾರ್ಕಿಂಗ್‌ನಿಂದ ಚಿಕ್ಕ ಬಸ್ ಇದೆ, ಇಲ್ಲವಾದರೆ ವಾಪಸ್ ಬರುವಾಗಿನ ಏರು ಅಮ್ಮನ ಕೈಲಾಗುತ್ತಿರಲಿಲ್ಲ. ಕಾರಿಲ್ಲದವರಿಗೆ ಮಾತ್ರ ಕಷ್ಟ. ಮೋಸೆಲ್‌ಕೆರ್ನ್ ಸ್ಟೇಷನ್‌ನಿಂದ ಕಾಡಿನಲ್ಲಿ ಒಂದೂವರೆ ಗಂಟೆಯಷ್ಟು ನಡಿಗೆ. ನಡೆಯುವವರಿಗೆ ಅದೇ ಸುಖ, ಹಳ್ಳದ ಪಕ್ಕದಲ್ಲೇ ದಾರಿ. ಮಾರ್ಕ್ಸ್‌ಬರ್ಗ್‌ನಲ್ಲಿ ಬಂಡೆ ಮೆಟ್ಟಿಲಿಗೆ ಬೇರೆ ದಾರಿಯೇ ಇಲ್ಲ. ಅಮ್ಮ ಅಪ್ಪನ ಭುಜ ಹಿಡಿದು ಹತ್ತಿದರು, ಇಳಿಯುವಾಗ ಇಬ್ಬರು ಬೇಕಾಯಿತು. ಮಳೆ ಬಂದ ದಿನ ವಯಸ್ಸಾದವರನ್ನು ಅಲ್ಲಿಗೆ ಕರೆದುಕೊಂಡು ಹೋಗಲೇಬೇಡಿ. ತಳ್ಳುಗಾಡಿಯಲ್ಲಿ ಕೂರುವ ಮಗು ಇದ್ದರೂ ಅಷ್ಟೇ.

ಊಟ ಎರಡೂ ಕಡೆ ಸಿಗುತ್ತದೆ, ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ. ಚಪಾತಿ ಪಲ್ಯ, ಮೊಸರನ್ನ ಕಟ್ಟಿಕೊಂಡು ಹೋಗುವುದೇ ವಾಸಿ.

ಒಂದೇ ದಿನ ಇದೆ, ಒಂದೇ ಕೋಟೆ ಅಂದರೆ ನಾನು ಮಾರ್ಕ್ಸ್‌ಬರ್ಗ್ ಅನ್ನುತ್ತೇನೆ. ಎಲ್ಟ್ಸ್‌ನ ದೊಡ್ಡ ಸುಖ ಹೊರಗಿನಿಂದ ನೋಡುವುದರಲ್ಲಿದೆ, ಅದು ಮೊದಲ ಕಾಲು ಗಂಟೆಯಲ್ಲೇ ಸಿಕ್ಕಿಬಿಡುತ್ತದೆ. ಮಾರ್ಕ್ಸ್‌ಬರ್ಗ್ ಕೋಣೆಯಿಂದ ಕೋಣೆಗೆ ಜಾಸ್ತಿ ಆಗುತ್ತಾ ಹೋಗುತ್ತದೆ. ಎಂಟು ವರ್ಷದವನು ತಾತನ ಜೊತೆ ಬಾಯಿ ಮುಚ್ಚದೆ ಪ್ರಶ್ನೆ ಕೇಳಿದ್ದು ಅಲ್ಲಿ. ಎಲ್ಟ್ಸ್‌ನಲ್ಲಿ ಅವನು ಇಪ್ಪತ್ತು ನಿಮಿಷಕ್ಕೆ ಆಕಳಿಸಿದ್ದ. ಅಮ್ಮ ಇದನ್ನು ಒಪ್ಪುವುದಿಲ್ಲ, ಅವರ ವೋಟು ಎಲ್ಟ್ಸ್‌ಗೇ. ಮಂಡಿ ನೋವಿನ ಜೊತೆಗೆ ಕಥೆಯ ರುಚಿಯೂ ಇರುವ ಅಮ್ಮಂದಿರು ನಿಮ್ಮ ಮನೆಯಲ್ಲೂ ಇದ್ದರೆ ಅವರ ಮಾತು ಕೇಳಿ. ಎರಡು ದಿನ ಸಿಕ್ಕರೆ ಕೊಬ್ಲೆನ್ಸ್‌ನಲ್ಲಿ ಉಳಿದು ಎರಡನ್ನೂ ನೋಡಬಹುದು. ಆಗ ಮಾರ್ಕ್ಸ್‌ಬರ್ಗ್ ಮೊದಲು ಇರಲಿ. ಬರಿಗೋಡೆ ನೋಡಿದ ಮೇಲೆ ಬಳ್ಳಿ ಹೂವಿನ ಗೋಡೆಗೆ ಎಷ್ಟು ದುಡ್ಡು ಬೇಕಾಗಿತ್ತು ಅಂತ ತಾನಾಗಿ ತಿಳಿಯುತ್ತದೆ. ಇನ್ನು ಊರಿನವರು ಬರುವುದು ಡಿಸೆಂಬರ್‌ನಲ್ಲಿ ಅಂದರೆ ಈ ಚರ್ಚೆಯೇ ಬೇಡ, ಎಲ್ಟ್ಸ್ ನವೆಂಬರ್ ಆರಂಭದಲ್ಲಿ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ಏಪ್ರಿಲ್ ಹೊತ್ತಿಗೆ.