ಮೊಣಕಾಲಿನ ಗಾಯದ ಕಲೆಗೆ ಸಿಲಿಕೋನ್ ಶೀಟ್: ವರ್ಷ ದಾಟಿದ ಮೇಲೆ ಹೇಳುವುದು

ಗಾಯ ಮಾಗಿದ ಮೇಲೆ ಅಂಟಿಸಿಕೊಳ್ಳುವ ಸಿಲಿಕೋನ್ ಜೆಲ್ ಶೀಟ್ ಕೊಳ್ಳಬೇಕಾ ಬೇಡವಾ ಎಂದು ಕೇಳಿದರೆ, ಕೊಳ್ಳಿ ಎನ್ನುತ್ತೇನೆ. ಆದರೆ ಅದು ಒಳಗೆ ಏನು ಮಾಡುತ್ತದೆ ಎಂದು ತಿಳಿದುಕೊಂಡು ಕೊಳ್ಳಿ. ಇಲ್ಲದಿದ್ದರೆ ತಿಂಗಳೊಳಗೆ ಬೇಸತ್ತು ಎಸೆಯುತ್ತೀರಿ.

ನನ್ನದು ಮೊಣಕಾಲಿನ ಗಾಯ. ಮಳೆಗಾಲದಲ್ಲಿ ಪಾಚಿ ಹಿಡಿದ ಚಿರೆಕಲ್ಲಿನ ಮೆಟ್ಟಿಲ ಮೇಲೆ ಜಾರಿ ಬಿದ್ದು ಹೊಲಿಗೆ ಹಾಕಿಸಿಕೊಂಡಿದ್ದೆ. ಹೊಲಿಗೆ ಬಿಚ್ಚಿದಾಗ ಬರೀ ಸಣ್ಣ ಗೆರೆ. ದೀಪಾವಳಿ ಹೊತ್ತಿಗೆ ಅದೇ ಗೆರೆ ಕೆಂಪಗೆ ಉಬ್ಬಿತ್ತು. ಮುಟ್ಟಿದರೆ ಗಟ್ಟಿ, ರಾತ್ರಿಯೆಲ್ಲ ತುರಿಕೆ. ಕಾರವಾರದ ಚರ್ಮದ ಡಾಕ್ಟರು ಶೀಟ್ ಜೊತೆಗೆ ಪೇಪರ್ ಟೇಪನ್ನೂ ಬರೆದುಕೊಟ್ಟರು. ಮೆಡಿಕಲ್ ಅಂಗಡಿಯವರು, "ಅಕ್ಕೋರೇ, ಇದರಲ್ಲಿ ಔಷಧ ಏನೂ ಇಲ್ಲ" ಎಂದರು. ನಿಜ, ಇಲ್ಲ. ಸಿಲಿಕೋನ್ ಚರ್ಮದೊಳಗೆ ಇಳಿಯುವುದೂ ಇಲ್ಲ. ಹಾಗಿದ್ದರೂ ಇದಕ್ಕೆ ದುಡ್ಡು ಕೊಡುವುದು ಯಾಕೆ?

ಚರ್ಮದ ಒಳಪದರದಲ್ಲಿ ಫೈಬ್ರೋಬ್ಲಾಸ್ಟ್ ಎಂಬ ಕೋಶಗಳಿವೆ. ಚರ್ಮಕ್ಕೆ ಗಟ್ಟಿತನ ಕೊಡುವ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳನ್ನು ತಯಾರಿಸುವುದು ಇವೇ. ಬಂಡೆಗೆ ಕಚ್ಚಿಕೊಂಡ ನೀಲಿಕಲ್ಲು ಚಿಪ್ಪಿನ ಹಾಗೆ ಇವು ಸುತ್ತಲಿನ ಕೊಲಾಜನ್, ಇನ್ನೊಂದು ಪ್ರೋಟೀನಾದ ಫೈಬ್ರೋನೆಕ್ಟಿನ್‌ಗಳನ್ನು ಹಿಡಿದುಕೊಂಡಿರುತ್ತವೆ. ಆ ಹಿಡಿತ ಇಂಟೆಗ್ರಿನ್ ಎಂಬ ಪ್ರೋಟೀನ್‌ಗಳದ್ದು. ಹಿಡಿತ ಇರುವಷ್ಟು ಹೊತ್ತು, ಬದುಕಿರು ಎಂಬ ಸೂಚನೆ ಕೋಶದೊಳಗೆ ಹೋಗುತ್ತಲೇ ಇರುತ್ತದೆ. ಹಿಡಿತ ತಪ್ಪಿದರೆ ದೇಹದ ಎಷ್ಟೋ ಬಗೆಯ ಕೋಶಗಳು ತಾವಾಗಿಯೇ ಸಾಯುತ್ತವೆ. ಈ ಸಾವಿಗೆ 1994ರಲ್ಲಿ ಅನಾಯ್ಕಿಸ್ ಎಂದು ಹೆಸರಿಟ್ಟರು. ಫೈಬ್ರೋಬ್ಲಾಸ್ಟ್ ಅಷ್ಟು ಸುಲಭಕ್ಕೆ ಸಾಯುವ ಜಾತಿಯಲ್ಲ. ಅದಕ್ಕೆ ಹಿಡಿತದಷ್ಟೇ ಎಳೆತವೂ ಮುಖ್ಯ.

ಗಾಯವಾದಾಗ ಇವುಗಳಲ್ಲಿ ಕೆಲವು ಮಯೋಫೈಬ್ರೋಬ್ಲಾಸ್ಟ್‌ಗಳಾಗಿ ಬದಲಾಗಿ, ಗಾಯದ ಅಂಚನ್ನು ಒಳಕ್ಕೆ ಎಳೆಯುತ್ತವೆ. ಗಾಯ ಮುಚ್ಚಿದ ಮೇಲೆ ಇವು ಸಾಯಬೇಕು. ಸತ್ತರೇ ಕಲೆ ಮೆತ್ತಗಾಗುವುದು. 1999ರಲ್ಲಿ ಪ್ರಯೋಗಾಲಯದಲ್ಲಿ, ಕೊಲಾಜನ್ ಜೆಲ್ಲಿನಲ್ಲಿ ಬೆಳೆಸಿದ ಮನುಷ್ಯರ ಫೈಬ್ರೋಬ್ಲಾಸ್ಟ್‌ಗಳ ಮೇಲೆ ಇದನ್ನು ನೋಡಿದ್ದಾರೆ. ಬಿಗಿಯಾಗಿ ಅಂಟಿದ್ದ ಜೆಲ್ಲನ್ನು ಬಿಡಿಸಿ ಎಳೆತ ಇಳಿಸಿದರೆ ಕೋಶಗಳು ಸಾಯತೊಡಗಿದವು. 2007ರಲ್ಲಿ ಇಲಿಗಳ ಮಾಗುತ್ತಿದ್ದ ಗಾಯವನ್ನು ಎಳೆದು ಹಿಡಿದು ನೋಡಿದರು. ಕೋಶಗಳ ಸಾವು ಕಡಿಮೆಯಾಯಿತು, ಕಲೆ ದಪ್ಪಗೆ ಉಬ್ಬಿತು.

ಮೊಣಕಾಲಿಗೆ ದಿನವಿಡೀ ಎಳೆತ ಅಲ್ವಾ? ಮೆಟ್ಟಿಲು ಹತ್ತಬೇಕು, ಮಕ್ಕಳ ಜೊತೆ ಚಾಪೆ ಮೇಲೆ ಕೂರಬೇಕು, ಏಳಬೇಕು. ಹಾಗಾಗಿ ನನ್ನ ಮಟ್ಟಿಗೆ ಟೇಪ್ ಸುಮ್ನೆ ಕೊಟ್ಟದ್ದಲ್ಲ. ಅದು ಎಳೆತ ತಗ್ಗಿಸುತ್ತದೆ. ಶೀಟ್ ಚರ್ಮದ ತೇವ ಹಾರಿಹೋಗದಂತೆ ತಡೆಯುತ್ತದೆ. ಮೇಲ್ಪದರ ಒಣಗದಿದ್ದರೆ, ಇನ್ನಷ್ಟು ಕೊಲಾಜನ್ ಮಾಡು ಎಂದು ಅಲ್ಲಿಂದ ಕೆಳಗೆ ಹೋಗುವ ಒತ್ತಾಯವೂ ಕಡಿಮೆಯಾಗುತ್ತದೆ.

ಶಾಲೆಯ ಹೊತ್ತಿನಲ್ಲಿ ಕಲೆಯ ಉದ್ದಕ್ಕೂ ಟೇಪ್, ಸಂಜೆಯಿಂದ ಬೆಳಗಿನವರೆಗೆ ಶೀಟ್. ದಿನಕ್ಕೆ 12 ಗಂಟೆಯಾದರೂ ಶೀಟ್ ಮೈಮೇಲೆ ಇರಬೇಕು, ಅದೂ ಎರಡು ಮೂರು ತಿಂಗಳಿಗೆ ಕಡಿಮೆಯಿಲ್ಲದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಇದೇ ಕಷ್ಟ. ಮಾರ್ಚ್ ಬಂತೆಂದರೆ ಬೆವರಿಗೆ ಶೀಟಿನ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ, ಅಡಿಯಲ್ಲಿ ಬೆವರುಸಾಲೆ ಏಳುತ್ತದೆ. ಎದ್ದ ದಿನ ತೆಗೆದಿಟ್ಟು ಚರ್ಮಕ್ಕೆ ಗಾಳಿ ಆಡಲು ಬಿಡಬೇಕು. ಶೀಟನ್ನು ಖಾರವಿಲ್ಲದ ಸೋಪಿನಲ್ಲಿ ತೊಳೆದು ಹಾಗೇ ಆರಲು ಬಿಡಿ. ಟವೆಲಿನಿಂದ ಒರೆಸಿದರೆ ನೂಲೆಲ್ಲ ಮೆತ್ತಿಕೊಂಡು ಅಂಟು ಹಾಳಾಗುತ್ತದೆ. ಪ್ಯಾಕೆಟ್ ಮೇಲೆ ಬರೆದಷ್ಟು ಕಾಲ ನಮ್ಮ ಹವೆಯಲ್ಲಿ ಒಂದು ಶೀಟೂ ಬಾಳಲಿಲ್ಲ. ಬೆಲೆಗೆ ಹೋಲಿಸಿದರೆ ಇದು ದೊಡ್ಡ ಕೊರತೆ.

ಮೊದಲು ಹೋದದ್ದು ತುರಿಕೆ. ಆಮೇಲೆ ಬಣ್ಣ ಇಳಿಯಿತು. ಉಬ್ಬು ತಗ್ಗಲು ಬಹಳ ತಿಂಗಳು ಹಿಡಿಯಿತು. ಈಗ ಬೆರಳಾಡಿಸಿದರೆ ಕಲೆ ಚರ್ಮದ ಮಟ್ಟಕ್ಕೇ ಇದೆ, ಮೊಣಚಿಪ್ಪಿನ ಕೆಳಗೆ ಒಂದು ಕಡಲೆಯಷ್ಟು ಜಾಗ ಮಾತ್ರ ಇನ್ನೂ ಗಟ್ಟಿ. ಗೆರೆ ಪೂರ್ತಿ ಮಾಯವಾಗಿಲ್ಲ, ಆಗುವುದೂ ಇಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ.

ಹಸಿ ಗಾಯದ ಮೇಲೆ ಮಾತ್ರ ಅಂಟಿಸಬೇಡಿ. ಕಲೆ ಗಾಯದ ಗಡಿ ದಾಟಿ ಅಕ್ಕಪಕ್ಕಕ್ಕೆ ಹಬ್ಬುತ್ತಿದ್ದರೆ ಅದು ಕೀಲಾಯ್ಡ್ ಆಗಿರಬಹುದು. ಅದಕ್ಕೆ ಬರೀ ಶೀಟ್ ಸಾಕಾಗುವುದು ಕಡಿಮೆ, ಇಂಜೆಕ್ಷನ್ ಬೇಕಾಗಬಹುದು. ಮೊದಲು ಡಾಕ್ಟರಿಗೆ ತೋರಿಸಿ, ಆಮೇಲೆ ಆರ್ಡರ್ ಮಾಡಿ.