ಕ್ಯಾಂಪರ್‌ಗೆ ಪಿಂಕ್ ಆಂಟಿಫ್ರೀಜ್ ಮತ್ತು ಪಂಪ್ ಕಿಟ್: ಮೂರು ಚಳಿಗಾಲ ಬಳಸಿ ನೋಡಿದ ಮೇಲೆ

ನಾವಿರುವುದು ಅಮೆರಿಕದ ಮಿನೆಸೋಟಾದಲ್ಲಿ. ಇಲ್ಲಿ ಜನವರಿಯಲ್ಲಿ ಮೈನಸ್ 25 ಡಿಗ್ರಿ ಸೆಲ್ಸಿಯಸ್ ಆದರೂ ಯಾರೂ ಆಶ್ಚರ್ಯಪಡುವುದಿಲ್ಲ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ನಮ್ಮ ಟ್ರಕ್ ಕ್ಯಾಂಪರ್ (ಪಿಕಪ್ ಟ್ರಕ್ ಮೇಲೆ ಕೂರಿಸುವ ಪುಟ್ಟ ಮನೆ) ನಮ್ಮ ಮನೆ ಪಕ್ಕದಲ್ಲಿ ಜಾಕ್‌ಗಳ ಮೇಲೆ ಸುಮ್ನೆ ನಿಂತಿರುತ್ತದೆ. ಪೈಪಿನಲ್ಲಿ ನೀರು ಉಳಿದರೆ ಅದು ಹೆಪ್ಪುಗಟ್ಟಿ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಆಗ ನಲ್ಲಿಯೋ ಪಂಪೋ ಯಾವುದೋ ಒಂದು ಸೀಳಲೇಬೇಕು.

ಅದಕ್ಕೇ ಚಳಿಗಾಲಕ್ಕೆ ಮುಂಚೆ ನೀರು ಖಾಲಿ ಮಾಡಿ, ಪೈಪುಗಳಿಗೆ ಆಂಟಿಫ್ರೀಜ್ ಅನ್ನೋ ಸುಲಭವಾಗಿ ಹೆಪ್ಪುಗಟ್ಟದ ದ್ರವ ತುಂಬಿಸಬೇಕು. ಮೊದಲ ವರ್ಷ ಒಂದು ವರ್ಕ್‌ಶಾಪ್‌ಗೆ ದುಡ್ಡು ಕೊಟ್ಟು ಈ ಕೆಲಸ ಮಾಡಿಸಿದ್ದೆವು. ಏಪ್ರಿಲ್‌ನಲ್ಲಿ ಟ್ಯಾಂಕ್ ತುಂಬಿಸಿ ಪಂಪ್ ಆನ್ ಮಾಡಿದರೆ ಗೋಡೆಯೊಳಗೆ ಸುರ್ ಅಂತ ಸದ್ದು. ಹೊರಗಡೆ ಕಾಲು ತೊಳೆಯಲು ಇರುವ ಶವರ್‌ಗೆ ಅವರು ಆಂಟಿಫ್ರೀಜ್ ಬಿಟ್ಟೇ ಇರಲಿಲ್ಲ! ಅದರ ವಾಲ್ವ್ ಒಡೆದು ಕೆಳಗಿನ ಪ್ಲೈವುಡ್ಡೆಲ್ಲ ನೆನೆದುಹೋಯಿತು. ತುಂಬಾ ಬೇಜಾರಾಯಿತು. ಅವತ್ತಿಂದ ನಾವೇ ಮಾಡಿಕೊಳ್ಳುತ್ತೇವೆ.

ನಾನು ತಂದದ್ದು ಎರಡೇ ವಸ್ತು. ಒಂದು ಪಂಪ್ ಕನ್ವರ್ಟರ್ ಕಿಟ್, 20 ಡಾಲರ್ ಆಸುಪಾಸು. ಟ್ಯಾಂಕಿಗೂ ಪಂಪಿಗೂ ನಡುವೆ ಕೂರಿಸುವ ಮೂರು ದಾರಿಯ ವಾಲ್ವ್ ಮತ್ತು ಒಂದು ಸಣ್ಣ ಟ್ಯೂಬ್, ಅಷ್ಟೇ. ಟ್ಯೂಬನ್ನು ಆಂಟಿಫ್ರೀಜ್ ಕ್ಯಾನಿಗೆ ಇಳಿಸಿ ವಾಲ್ವ್ ತಿರುಗಿಸಿದರೆ ಪಂಪೇ ಎಳೆದುಕೊಂಡು ಎಲ್ಲ ಪೈಪಿಗೂ ಕಳಿಸುತ್ತದೆ. ಒಂದು ಸಲ ಕೂರಿಸಿದರೆ ಮತ್ತೆ ತೆಗೆಯಬೇಕಿಲ್ಲ. ಇಷ್ಟು ಉಪಯೋಗದ ವಸ್ತು ಇಷ್ಟು ಕಡಿಮೆಗೆ ಸಿಕ್ಕಿದ್ದು ನನಗೆ ನಿಜಕ್ಕೂ ಖುಷಿ.

ಇನ್ನೊಂದು ಆ ಪಿಂಕ್ ಆಂಟಿಫ್ರೀಜ್. ಇಲ್ಲಿ ಸ್ವಲ್ಪ ಹುಷಾರು. ಬಣ್ಣ ಒಂದೇ ಇದ್ದರೂ ಕೆಲವದರಲ್ಲಿ ಎಥನಾಲ್ ಇರುತ್ತದೆ, ಕೆಲವದರಲ್ಲಿ ಪ್ರೊಪಿಲೀನ್ ಗ್ಲೈಕಾಲ್. ಎಥನಾಲ್‌ನದು ಅಗ್ಗ, ಆದರೆ ವಾಸನೆ ಬೇಗ ಹೋಗುವುದಿಲ್ಲ, ರಬ್ಬರ್ ಸೀಲ್‌ಗಳನ್ನೂ ಒಣಗಿಸುತ್ತದೆ. ಒಂದೆರಡು ಡಾಲರ್ ಜಾಸ್ತಿ ಆದರೂ ಗ್ಲೈಕಾಲ್‌ನದೇ ತನ್ನಿ. ಕಾರಿನ ರೇಡಿಯೇಟರ್‌ಗೆ ಹಾಕುವುದನ್ನು ಮಾತ್ರ ಬೇಡವೇ ಬೇಡ, ಅದು ವಿಷ. ಕ್ಯಾನಿನ ಮೇಲೆ ಮೈನಸ್ 50 ಅಂತ ಬರೆದಿರುತ್ತದಲ್ವಾ, ಅದು ಫ್ಯಾರನ್‌ಹೀಟ್, ಅಂದರೆ ಸುಮಾರು ಮೈನಸ್ 45 ಸೆಲ್ಸಿಯಸ್. ಅಲ್ಲಿವರೆಗೆ ಪೈಪ್ ಒಡೆಯುವುದಿಲ್ಲ ಅಂತ ಅದರ ಅರ್ಥ. ಅದಕ್ಕೆ ಎಷ್ಟೋ ಮೊದಲೇ ಅದು ಗಂಜಿಯ ಹಾಗೆ ಗಟ್ಟಿಯಾಗುತ್ತದೆ, ನೋಡಿ ಹೆದರಬೇಡಿ. ಆದರೆ ಟ್ಯಾಂಕಿನಲ್ಲಿ ನೀರು ಉಳಿಸಿಕೊಂಡು ಮೇಲೆ ಇದನ್ನು ಸುರಿದರೆ ತೆಳುವಾಗಿಬಿಡುತ್ತದೆ, ಆಮೇಲೆ ಆ ಅಂಕಿಗೆ ಬೆಲೆಯಿಲ್ಲ. ಮೊದಲು ಎಲ್ಲ ಖಾಲಿ ಮಾಡಲೇಬೇಕು.

ವಾಟರ್ ಹೀಟರ್‌ನ ಬೈಪಾಸ್ ವಾಲ್ವ್ (ಆಂಟಿಫ್ರೀಜ್ ಹೀಟರ್ ಒಳಗೆ ಹೋಗದೆ ನೇರ ಪೈಪಿಗೆ ಹೋಗುವಂತೆ ಮಾಡುವ ವಾಲ್ವ್) ತಿರುಗಿಸಲು ಮರೆಯಬೇಡಿ. ನಮ್ಮದು 6 ಗ್ಯಾಲನ್‌ನದು. ಬೈಪಾಸ್ ಮಾಡದಿದ್ದರೆ ಅದನ್ನು ತುಂಬಿಸಲಿಕ್ಕೇ 6 ಗ್ಯಾಲನ್ ಆಂಟಿಫ್ರೀಜ್ ಹೋಗುತ್ತದೆ. ಮಾಡಿದರೆ ಇಡೀ ಕ್ಯಾಂಪರ್‌ಗೆ ನಮಗೆ ಎರಡು ಸಾಕಾಗುತ್ತದೆ. ಹೀಟರ್ ಪೂರ್ತಿ ತಣ್ಣಗಾದ ಮೇಲೆ, ಒತ್ತಡ ಇಳಿಸಿಯೇ ಅದರ ಡ್ರೈನ್ ಪ್ಲಗ್ ಬಿಚ್ಚಿ. ಆಮೇಲೆ ಒಂದೊಂದೇ ನಲ್ಲಿ, ಬಿಸಿನೀರಿನ ಕಡೆ ಒಮ್ಮೆ, ತಣ್ಣೀರಿನ ಕಡೆ ಒಮ್ಮೆ, ಪಿಂಕ್ ಬರುವವರೆಗೆ. ಟಾಯ್ಲೆಟ್ ಫ್ಲಶ್, ಹೊರಗಿನ ಶವರ್. ಸಿಂಕಿನ ಕೆಳಗಿನ ಬಾಗಿದ ಪೈಪಿಗೆ ಒಂದು ಲೋಟ. ನಾನು ಒಳಗೆ, ನನ್ನ ಹೆಂಡತಿ ಹೊರಗೆ ನಿಂತು "ಬಂತು, ಬಂತು" ಅಂತ ಕೂಗುತ್ತಾಳೆ. ಒಂದು ಗಂಟೆಯ ಕೆಲಸ.

ಲಿಥಿಯಂ ಬ್ಯಾಟರಿ ಇದ್ದರೆ ಬಿಚ್ಚಿ ಮನೆಯೊಳಗೆ ತಂದಿಡಿ, ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಿದರೆ ಹಾಳಾಗುತ್ತದೆ. ಫ್ರಿಜ್ ಬಾಗಿಲು ಸ್ವಲ್ಪ ತೆರೆದಿಡಿ. ಇಲಿ ನುಗ್ಗುವ ಸಂದಿಗೆ ಸ್ಟೀಲ್ ವುಲ್ ತುರುಕಿ.

ಮೂರು ಏಪ್ರಿಲ್ ಆಯಿತು, ಒಂದು ಹನಿ ಸೋರಿಲ್ಲ. ಒಂದೇ ತೊಂದರೆ ಅಂದರೆ ತೊಳೆಯಲು ನೀರು ಜಾಸ್ತಿ ಬೇಕು: ನಮ್ಮ ಟ್ಯಾಂಕ್ ಎರಡು ಸಲ ತುಂಬಿಸಿ ಖಾಲಿ ಮಾಡಿದ ಮೇಲೇ ಕಾಫಿಗೆ ಆ ಸಿಹಿ ರುಚಿ ಬರುವುದು ನಿಂತದ್ದು. ಕಿಟ್‌ಗೆ ಐದಕ್ಕೆ ಐದು, ಗ್ಲೈಕಾಲ್ ಆಂಟಿಫ್ರೀಜ್‌ಗೆ ನಾಲ್ಕೂವರೆ.