ಹತ್ತು ಲೀಟರಿನ ಕ್ಯಾಬಿನೆಟ್ಟಿಗೆ ಕೈ ಹಾಕುವ ಮುನ್ನ

ಎರಡು ವರ್ಷದ ಹಿಂದೆ ಡಿಸೆಂಬರಿನಲ್ಲಿ ನಾನು ಕಟ್ಟಿದ ಗೇಮಿಂಗ್ ಕಂಪ್ಯೂಟರಿನ ಗಾತ್ರ ಹತ್ತು ಲೀಟರ್. ಚಿಕ್ಕ ಕ್ಯಾಬಿನೆಟ್ಟುಗಳನ್ನು, ಎಂದರೆ ಭಾಗಗಳನ್ನೆಲ್ಲ ಕೂರಿಸುವ ಪೆಟ್ಟಿಗೆಗಳನ್ನು, ಹಾಲು, ಎಣ್ಣೆಯಂತೆ ಲೀಟರಿನಲ್ಲಿ ಅಳೆಯುವುದು ರೂಢಿ. ಮನೆಗೆ ತರಿಸುವ ನೀರಿನ ಕ್ಯಾನ್ 20 ಲೀಟರಿನದು. ಅದರ ಅರ್ಧದಷ್ಟು ಜಾಗದಲ್ಲಿ 16 ಕೋರ್‌ಗಳ ಪ್ರೊಸೆಸರ್, ಆಟದ ಚಿತ್ರ ಮೂಡಿಸಲು 285 ವ್ಯಾಟ್ ಎಳೆಯುವ ಗ್ರಾಫಿಕ್ಸ್ ಕಾರ್ಡ್, ಇವೆರಡನ್ನೂ ವಿದ್ಯುತ್ ಕೊಟ್ಟು ಸಾಕುವ ಎಸ್‌ಎಂಪಿಎಸ್ ಎಲ್ಲವನ್ನೂ ತುರುಕಿ, ಮೇಲಾಗಿ ಅದು ಸದ್ದು ಮಾಡಬಾರದು ಎಂದು ಬಯಸಿದವನು ನಾನು. ಎರಡು ಲಕ್ಷದ ಮೇಲೆ ಖರ್ಚಾಯಿತು. ಅದರಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಶುದ್ಧ ದಂಡ. ಆ ದಂಡ ಎಲ್ಲೆಲ್ಲಿ ಕಟ್ಟಿದೆ ಎಂಬುದನ್ನು ಬರೆಯುತ್ತಿದ್ದೇನೆ. ಇದೇ ಹುಚ್ಚು ಹಿಡಿದವರು ಓದಿಕೊಂಡು ಆಮೇಲೆ ಅಂಗಡಿಗೆ ಹೋಗಲಿ.

ಹುಚ್ಚಿಗೆ ಕಾರಣವಿತ್ತು. ಬೆಂಗಳೂರಿನಲ್ಲಿ ನಮ್ಮದು ಒಂದೇ ಮಲಗುವ ಕೋಣೆಯ ಬಾಡಿಗೆ ಮನೆ. ಮಗಳು ಒಂಬತ್ತಕ್ಕೆ ಮಲಗುತ್ತಾಳೆ. ನನ್ನ ಆಟ ಶುರುವಾಗುವುದು ಒಂಬತ್ತೂವರೆಗೆ, ಅದೇ ಕೋಣೆಯಲ್ಲಿ. ವರ್ಷಕ್ಕೆರಡು ಬಾರಿ ಕಲಬುರಗಿಗೆ ಹೋಗುವಾಗ ರೈಲಿನಲ್ಲಿ ಬ್ಯಾಗಿಗೆ ಹಾಕಿಕೊಂಡು ಹೋಗುವಂತಿರಬೇಕು ಎಂಬ ಆಸೆ ಬೇರೆ.

ಎಸ್.ಪಿ. ರಸ್ತೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೌಂಟರಿನ ಹುಡುಗನನ್ನು ಕೇಳಿದೆ: "ಈ ಕಾರ್ಡ್ ಈ ಕ್ಯಾಬಿನೆಟ್ಟಿನಲ್ಲಿ ಕೂರುತ್ತದೆಯೇ?"

"ಆರಾಮಾಗಿ ಕೂರುತ್ತದೆ ಸಾರ್."

"ಈ ಕೂಲರ್?"

"ಅದೂ ಕೂರುತ್ತದೆ ಸಾರ್. ಬೇಕಾದರೆ ಬಾಕ್ಸಿನ ಮೇಲೆ ನೀವೇ ನೋಡಿ."

ನೋಡಿದೆ. ಪ್ರೊಸೆಸರಿನ ಮೇಲೆ ಕೂತು ಅದನ್ನು ತಣ್ಣಗಿಡುವ ಕೂಲರಿನ ಎತ್ತರ 70 ಮಿ.ಮೀ. ವರೆಗೆ, ಕಾರ್ಡಿನ ದಪ್ಪ 3 ಸ್ಲಾಟ್ ವರೆಗೆ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಹುಡುಗ ಸುಳ್ಳು ಹೇಳಿರಲಿಲ್ಲ, ಬಾಕ್ಸೂ ಹೇಳಿರಲಿಲ್ಲ. ಎರಡೂ ಒಟ್ಟಿಗೆ ಕೂರುತ್ತವೆಯೇ ಎಂದು ಮಾತ್ರ ನಾನು ಕೇಳಲಿಲ್ಲ. ನನ್ನ ಇಡೀ ಕಥೆ ಇರುವುದು ಈ ಕೇಳದ ಪ್ರಶ್ನೆಯಲ್ಲಿ.

ಈ ಬಗೆಯ ಕ್ಯಾಬಿನೆಟ್ಟಿನಲ್ಲಿ ಪ್ರೊಸೆಸರ್ ಕೂರುವ ಮದರ್‌ಬೋರ್ಡ್ ಒಂದು ಕಡೆ, ಗ್ರಾಫಿಕ್ಸ್ ಕಾರ್ಡ್ ಅದಕ್ಕೆ ಬೆನ್ನು ಕೊಟ್ಟು ಇನ್ನೊಂದು ಕಡೆ, ನಡುವೆ ತಗಡಿನ ಗೋಡೆ. ಸ್ಕ್ರೂ ಬಿಚ್ಚಿ ಆ ಗೋಡೆಯನ್ನು ಆಚೀಚೆ ಸರಿಸಬಹುದು. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಮನೆಯ ನಡುಗೋಡೆ ಇದ್ದ ಹಾಗೆ: ಅಣ್ಣನ ಕೋಣೆ ಎಷ್ಟು ದೊಡ್ಡದಾಯಿತೋ ತಮ್ಮನದು ಅಷ್ಟು ಕಿರಿದಾಯಿತು. 70 ಮಿ.ಮೀ. ಎಂಬುದು ಗೋಡೆಯನ್ನು ಪೂರ್ತಿ ಕಾರ್ಡಿನ ಕಡೆ ತಳ್ಳಿದಾಗಿನ ಅಳತೆ. 3 ಸ್ಲಾಟ್ ಎಂಬುದು ಅದನ್ನು ಪೂರ್ತಿ ಇತ್ತ ತಳ್ಳಿದಾಗಿನ ಅಳತೆ. 3 ಸ್ಲಾಟಿನ ಕಾರ್ಡ್ ಹಾಕಿದರೆ ಕೂಲರಿಗೆ ಉಳಿಯುವುದು 49 ಮಿ.ಮೀ. ಎಂಬ ಕೋಷ್ಟಕ ಪೆಟ್ಟಿಗೆಯೊಳಗೆ ಮಡಚಿಟ್ಟಿದ್ದ ಕೈಪಿಡಿಯ ಕೊನೆಯ ಪುಟದಲ್ಲಿತ್ತು. ನನ್ನ ಕೂಲರಿನ ಎತ್ತರ 67. ಅಷ್ಟು ಹೊತ್ತಿಗೆ ಅದನ್ನು ಬಿಚ್ಚಿ, ಶಾಖ ಸಾಗಿಸುವ ಪೇಸ್ಟ್ ಹಚ್ಚಿ, ಕೂರಿಸಿ ಆಗಿತ್ತು. ಬಿಚ್ಚಿದ ಮಾಲು ವಾಪಸ್ ಇಲ್ಲ ಎಂದರು. ಐದೂವರೆ ಸಾವಿರದ ಕೂಲರನ್ನು ಗೆಳೆಯನಿಗೆ ಅರ್ಧ ಬೆಲೆಗೆ ಕೊಟ್ಟು, 47 ಮಿ.ಮೀ. ಎತ್ತರದ ಇನ್ನೊಂದನ್ನು ತಂದೆ. ಅದು ನೋಡಲು ಇಡ್ಲಿ ತಟ್ಟೆಯ ಮೇಲೆ ಸಣ್ಣ ಫ್ಯಾನ್ ಇಟ್ಟ ಹಾಗಿತ್ತು.

ಕಾರ್ಡಿನದು ಬೇರೆಯೇ ರಗಳೆ. ಒಂದು ಸ್ಲಾಟ್ ಎಂದರೆ 20.32 ಮಿ.ಮೀ., ಮೂರು ಸ್ಲಾಟಿಗೆ ಸುಮಾರು 61. ನಾನು ಕೊಂಡ ಕಾರ್ಡಿನ ಮೇಲೆ 3 ಸ್ಲಾಟ್ ಎಂದೇ ಇತ್ತು. ಮನೆಯಲ್ಲಿ ಮಗಳ ಶಾಲೆಯ ಸ್ಕೇಲು ಇಟ್ಟು ನೋಡಿದರೆ 64. ಮೂರೇ ಮಿಲಿಮೀಟರ್, ಎರಡು ನಾಣ್ಯ ಜೋಡಿಸಿದಷ್ಟು ದಪ್ಪ. ಪಕ್ಕದ ಜಾಲರಿ ಪ್ಯಾನೆಲ್ ಕೂರಲೇ ಇಲ್ಲ. ಅಂಗೈ ಒತ್ತಿ, ಮೊಣಕಾಲು ಕೊಟ್ಟು ಕೊಕ್ಕೆ ಸಿಕ್ಕಿಸಿದೆ. ಪ್ಯಾನೆಲ್ ಹೊಟ್ಟೆ ಬಂದವರ ಅಂಗಿಯಂತೆ ಉಬ್ಬಿ ನಿಂತಿತು. ಕಂಪ್ಯೂಟರ್ ಚಾಲೂ ಮಾಡಿದಾಗ ಕಾರ್ಡಿನ ನಡುವಿನ ಫ್ಯಾನ್ ಜಾಲರಿಗೆ ತಗುಲಿ ಟರ್ರ್ ಎಂದು ಶುರುವಾಯಿತು. ಸೈಕಲ್ ಚಕ್ರದ ಕಡ್ಡಿಗೆ ಮಕ್ಕಳು ರಟ್ಟಿನ ತುಂಡು ಸಿಕ್ಕಿಸಿದರೆ ಬರುತ್ತದಲ್ಲ, ಅದೇ ಸದ್ದು. ಮೂಲೆಗಳಿಗೆ ರಬ್ಬರ್ ವಾಷರ್ ಕೊಟ್ಟು ಪ್ಯಾನೆಲನ್ನು ಕೂದಲೆಳೆಯಷ್ಟು ಹೊರಗೆ ತಂದ ಮೇಲೆ ನಿಂತಿತು.

ಉದ್ದ, ದಪ್ಪ ಎರಡು ಅಳತೆ. ಬಹಳ ಜನ ಮರೆಯುವ ಮೂರನೆಯ ಅಳತೆ ಅಗಲ, ಎಂದರೆ ಕಾರ್ಡ್ ಚುಚ್ಚುವ ಸ್ಲಾಟಿನಿಂದ ಅದು ಎಷ್ಟು ಮೇಲೆ ಚಾಚಿಕೊಳ್ಳುತ್ತದೆ ಎಂಬುದು. ಕಾರ್ಡುಗಳ ಮೂಲ ಅಳತೆ ಸುಮಾರು 111 ಮಿ.ಮೀ. ಈಗಿನ ದೊಡ್ಡ ಕಾರ್ಡುಗಳು ಅದನ್ನು ಲೆಕ್ಕಕ್ಕೇ ಇಟ್ಟಿಲ್ಲ. ನನ್ನದು 137 ಇತ್ತು. ವಿದ್ಯುತ್ ಕೇಬಲ್ ಚುಚ್ಚುವ ಜಾಗ ಇರುವುದು ಆ ಅಂಚಿನಲ್ಲೇ. ಹೊಸ 16 ಪಿನ್ನುಗಳ ಕನೆಕ್ಟರಿನಿಂದ ಹೊರಟ ಕೇಬಲ್ ಕನಿಷ್ಠ 35 ಮಿ.ಮೀ. ನೆಟ್ಟಗೆ ಹೋಗಿ ಆಮೇಲೆ ಬಾಗಬೇಕು ಎಂಬುದು ಕೇಬಲ್ ಮಾಡುವವರೇ ಕೊಡುವ ಸಲಹೆ. ನನ್ನ ಪೆಟ್ಟಿಗೆಯಲ್ಲಿ ಅದಕ್ಕೆ ಒಂದು ಬೆರಳು ತೂರುವಷ್ಟೂ ಜಾಗವಿರಲಿಲ್ಲ. ಕೇಬಲ್ ಬುಡದಲ್ಲೇ ಮುರಿದುಕೊಂಡಂತೆ ಮಡಚಿ ಕೂತಿತ್ತು. 2022ರಲ್ಲಿ ಆರ್‌ಟಿಎಕ್ಸ್ 4090 ಕಾರ್ಡ್ ಬಂದ ಹೊಸದರಲ್ಲಿ ಇದೇ ಬಗೆಯ ಕನೆಕ್ಟರ್ ಕರಗಿದ ಚಿತ್ರಗಳನ್ನು ನೀವೂ ನೋಡಿರಬಹುದು. ಪೂರ್ತಿ ಒಳಗೆ ಕೂರದ ಕನೆಕ್ಟರ್ ಅಲ್ಲಿ ದೊಡ್ಡ ಕಾರಣವಾಗಿತ್ತು. ಮಡಚಿದ ಕೇಬಲ್ ಕನೆಕ್ಟರನ್ನು ಒಂದು ಕಡೆಯಿಂದ ಎಳೆಯುತ್ತಲೇ ಇರುತ್ತದೆ. ನಾಲ್ಕು ತಿಂಗಳು ಪ್ರತಿ ರಾತ್ರಿ ಕಾರ್ಡಿನ ಹತ್ತಿರ ಮೂಗು ಇಟ್ಟು ಸುಟ್ಟ ವಾಸನೆ ಬರುತ್ತಿದೆಯೇ ಎಂದು ನೋಡಿ ಮಲಗಿದ್ದೇನೆ. ಏನೂ ಆಗಲಿಲ್ಲ, ಅದು ನನ್ನ ಪುಣ್ಯ.

ಇಷ್ಟೆಲ್ಲ ಕೂರಿಸಿ ಗುಂಡಿ ಒತ್ತಿದರೆ ಪರದೆ ಕಪ್ಪು. ಡಿಡಿಆರ್5 ಮೆಮೊರಿ ಮೊದಲ ಬಾರಿ ತನ್ನನ್ನು ಹೊಂದಿಸಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುತ್ತದೆ ಎಂದು ಗೊತ್ತಿಲ್ಲದೆ ಎರಡು ಸಲ ಪ್ಲಗ್ ಕಿತ್ತೆ. ಮೂರನೆಯ ಸಲ ತಾಳ್ಮೆಯಿಂದ ಕಾದೆ, ಆಗಲೂ ಕಪ್ಪೇ. ತಪ್ಪು ಇದ್ದದ್ದು ರೈಸರ್ ಕೇಬಲಿನಲ್ಲಿ. ಗೋಡೆಯ ಆಚೆಗಿನ ಕಾರ್ಡನ್ನು ಬೋರ್ಡಿಗೆ ಜೋಡಿಸುವ ಚಪ್ಪಟೆ ಪಟ್ಟಿ ಅದು. ಕ್ಯಾಬಿನೆಟ್ಟಿನ ಜೊತೆ ಬಂದಿದ್ದ ಪಟ್ಟಿ ಪಿಸಿಐಇ (ಕಾರ್ಡೂ ಬೋರ್ಡೂ ಮಾತಾಡಿಕೊಳ್ಳುವ ಮಾರ್ಗ) 3ನೆಯ ತಲೆಮಾರಿನದು, ಬೋರ್ಡೂ ಕಾರ್ಡೂ 4ನೆಯ ತಲೆಮಾರಿನ ಇಮ್ಮಡಿ ವೇಗದಲ್ಲಿ ಮಾತಾಡಲು ಹೊರಟಿದ್ದವು. ಪಟ್ಟಿಗೆ ಆ ವೇಗ ತಾಳಲಿಲ್ಲ. ಅಂಗಡಿಯವರು ಕೇಬಲ್ ಸತ್ತಿದೆ ಎಂದರು. ಆರು ಸಾವಿರ ಕೊಟ್ಟು 4ನೆಯ ತಲೆಮಾರಿನದನ್ನು ತಂದೆ. ಕೆಲಸ ಮಾಡಿತು. ಆಮೇಲೆ ತಿಳಿದದ್ದು: ರೈಸರನ್ನು ಕಿತ್ತು, ಮಾನಿಟರನ್ನು ಬೋರ್ಡಿನ ಎಚ್‌ಡಿಎಂಐಗೆ ಚುಚ್ಚಿ, ಪ್ರೊಸೆಸರಿನಲ್ಲೇ ಇರುವ ಪುಟ್ಟ ಗ್ರಾಫಿಕ್ಸ್ ಮೂಲಕ ಬೋರ್ಡಿನ ಸೆಟ್ಟಿಂಗುಗಳಿರುವ ಬಯಾಸ್ ತೆರೆದು, ಸ್ಲಾಟನ್ನು ಜೆನ್ 3ಕ್ಕೆ, ಎಂದರೆ 3ನೆಯ ತಲೆಮಾರಿನ ವೇಗಕ್ಕೆ, ಇಳಿಸಿದ್ದರೆ ಹಳೆಯ ಕೇಬಲ್ಲೇ ಸಾಕಿತ್ತು. ಆಟದಲ್ಲಿ ಆಗುವ ನಷ್ಟ ಕಣ್ಣಿಗೆ ಕಾಣುವಂಥದ್ದಲ್ಲ. ಐದು ನಿಮಿಷದ ಕೆಲಸಕ್ಕೆ ಆರು ಸಾವಿರ.

ಇನ್ನು ಸದ್ದು. ಪ್ರೊಸೆಸರಿನ ಬಾಕ್ಸಿನ ಮೇಲೆ 170 ವ್ಯಾಟ್ ಎಂದಿದ್ದರೂ ಪೂರ್ತಿ ಹೊರೆ ಬಿದ್ದಾಗ ಅದು 230 ವ್ಯಾಟ್ ವರೆಗೆ ಎಳೆಯುತ್ತದೆ. ಕಾರ್ಡಿನ 285 ಸೇರಿದರೆ ಐನೂರು ದಾಟಿತು. ಬಕೆಟ್ಟಿನಲ್ಲಿ ನೀರು ಕಾಯಿಸುವ ಕಾಯಿಲ್ ಸಾಮಾನ್ಯವಾಗಿ 1000 ವ್ಯಾಟಿನದು. ಅರ್ಧ ಕಾಯಿಲನ್ನು ಬ್ಯಾಗಿನಷ್ಟು ದೊಡ್ಡ ಪೆಟ್ಟಿಗೆಯಲ್ಲಿಟ್ಟು, ನೀರಿಲ್ಲದೆ ಬರೀ ಗಾಳಿಯಿಂದ ಆರಿಸಲು ಹೊರಟಿದ್ದೆ. ಈ ಪ್ರೊಸೆಸರಿನ ಸ್ವಭಾವವೇ ಒಂದು ಥರ. 95 ಡಿಗ್ರಿ ಮುಟ್ಟುವವರೆಗೂ ವೇಗ ಏರಿಸುತ್ತಲೇ ಹೋಗುವಂತೆ ಅದನ್ನು ಮಾಡಿದ್ದಾರೆ. ಅದಕ್ಕೆ 95 ಮಾಮೂಲು. ಫ್ಯಾನಿಗೆ ಮಾತ್ರ 95 ಎಂದರೆ ಮನೆಗೆ ಬೆಂಕಿ ಬಿದ್ದ ಲೆಕ್ಕ; ಅದು ಪೂರ್ತಿ ವೇಗದಲ್ಲಿ ಚೀರುತ್ತದೆ. ಆಟದ ನಡುವೆ ಹೊಸ ನಕಾಶೆ ತೆರೆದಾಗಲೆಲ್ಲ ಚೀರು, ಎರಡು ನಿಮಿಷ ಶಾಂತಿ, ಮತ್ತೆ ಚೀರು. ಒಂದೇ ಸಮನೆ ಬರುವ ಸದ್ದಿಗೆ ಕಿವಿ ಒಗ್ಗುತ್ತದೆ, ಇದಕ್ಕೆ ಒಗ್ಗುವುದಿಲ್ಲ. ಫ್ಯಾನಿನ ಸುತ್ತು ಇಮ್ಮಡಿಯಾದರೆ ಸದ್ದು ಸುಮಾರು 15 ಡೆಸಿಬೆಲ್ ಏರುತ್ತದೆ. 10 ಡೆಸಿಬೆಲ್ ಏರಿದರೇ ಕಿವಿಗೆ ಎರಡು ಪಟ್ಟು ಎನಿಸುತ್ತದೆ. ದೊಡ್ಡ ಫ್ಯಾನ್ ನಿಧಾನವಾಗಿ ತಿರುಗಿ ದೂಡುವಷ್ಟೇ ಗಾಳಿಯನ್ನು ದೂಡಲು ಸಣ್ಣ ಫ್ಯಾನ್ ಜೋರಾಗಿ ತಿರುಗಬೇಕು. ಪುಟ್ಟ ಪೆಟ್ಟಿಗೆಯಲ್ಲಿ ಇರುವುದೆಲ್ಲ ಸಣ್ಣ ಫ್ಯಾನೇ. ಪುಟ್ಟ ಪೆಟ್ಟಿಗೆಗೆಂದೇ ಮಾಡಿದ, 63.5 ಮಿ.ಮೀ. ದಪ್ಪದ ನನ್ನ ಎಸ್‌ಎಫ್‌ಎಕ್ಸ್ ಎಸ್‌ಎಂಪಿಎಸ್ ಒಳಗಿನದು ಕೂಡ 92 ಮಿ.ಮೀ.

ಮೊದಲ ರಾತ್ರಿ ಹೆಂಡತಿ ಏನೂ ಹೇಳಲಿಲ್ಲ. ಮಗಳನ್ನೂ ದಿಂಬನ್ನೂ ಎತ್ತಿಕೊಂಡು ನಡುಮನೆಗೆ ಹೋದಳು.

ಅದು ಡಿಸೆಂಬರ್, ಕೋಣೆಯಲ್ಲಿ 22 ಡಿಗ್ರಿ. ಮೇ ತಿಂಗಳಿನಲ್ಲಿ ಹಟ ಮಾಡಿ ಅದನ್ನು ಕಲಬುರಗಿಗೆ ಒಯ್ದೆ. ಹೊರಗೆ 42, ಒಳಗೆ ಫ್ಯಾನಿನ ಕೆಳಗೆ 37. ಕಂಪ್ಯೂಟರಿನ ಇಂಥ ಯಾವ ಕೂಲರೂ ಭಾಗಗಳನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಕೋಣೆ 15 ಡಿಗ್ರಿ ಏರಿದರೆ ಒಳಗಿನ ಭಾಗಗಳೂ ಹೆಚ್ಚುಕಡಿಮೆ ಅಷ್ಟೇ ಏರುತ್ತವೆ. ಬೆಂಗಳೂರಿನಲ್ಲಿ 73 ತೋರಿಸುತ್ತಿದ್ದ ಕಾರ್ಡ್ 87ಕ್ಕೆ ಹೋಗಿ, ತನ್ನ ವೇಗ ತಾನೇ ಇಳಿಸಿಕೊಂಡಿತು. ಪಕ್ಕದ ಕೋಣೆಯಿಂದ ಅವ್ವ ಕೂಗಿದಳು: "ಏನಪ್ಪಾ, ಮನೆಯೊಳಗೆ ಗಿರಣಿ ಹಾಕಿಸಿದ್ದೀಯೇನು?" ಬಾಗಿಲಿಗೆ ಬಂದು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ತಕ್ಷಣ ಹಿಂತೆಗೆದುಕೊಂಡಳು. "ಇದರ ಮೇಲೆ ಹಪ್ಪಳ ಒಣಗಿಸಬಹುದು." ಅಷ್ಟರಲ್ಲಿ ಕರೆಂಟ್ ಹೋಯಿತು. ಮನೆಯ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿನ ಮೇಲೆ ಇಂಥ ಎಸ್‌ಎಂಪಿಎಸ್ ಸರಿಯಾಗಿ ನಡೆಯುವುದಿಲ್ಲ ಎಂಬ ಪಾಠವೂ ಅದೇ ಮಧ್ಯಾಹ್ನ ಆಯಿತು.

ವಾಪಸ್ ಬಂದು ಮಾಡಿದ್ದು ಮೊದಲ ದಿನವೇ ಬಿಟ್ಟಿಯಾಗಿ ಮಾಡಬಹುದಾಗಿದ್ದ ಕೆಲಸ. ಬಯಾಸಿನಲ್ಲಿ ಇಕೋ ಮೋಡ್ ಎಂದು ಒಂದು ಆಯ್ಕೆ ಇದೆ. 65 ವ್ಯಾಟಿನದನ್ನು ಆರಿಸಿದರೆ ಪ್ರೊಸೆಸರ್ 88 ವ್ಯಾಟ್ ಮೀರುವುದಿಲ್ಲ. ವಿಡಿಯೊ ಸಂಸ್ಕರಿಸುವವರಿಗೆ ನಷ್ಟ ಗೊತ್ತಾಗುತ್ತದೆ. ನನ್ನ ಆಟಗಳಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಹಾಗಿದ್ದ ಮೇಲೆ 16 ಕೋರ್ ಯಾಕೆ ಕೊಂಡೆ ಎಂದು ಕೇಳಬೇಡಿ, ಹೆಂಡತಿ ಕೇಳಿಯಾಗಿದೆ. 8 ಕೋರ್‌ಗಳ 65 ವ್ಯಾಟಿನ ಪ್ರೊಸೆಸರ್ ಸಾಕಿತ್ತು. ಕಾರ್ಡಿನ ವೋಲ್ಟೇಜನ್ನೂ ಇಳಿಸಿದೆ. ಚಿಪ್ಪಿನ ಶಾಖದ ದೊಡ್ಡ ಪಾಲು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಮುಟ್ಟದೆ ವೋಲ್ಟೇಜನ್ನು ಶೇ. 10 ಇಳಿಸಿದರೆ ಆ ಪಾಲು ಶೇ. 19 ಇಳಿಯುತ್ತದೆ. ಎಲ್ಲ ಕಾರ್ಡೂ ಅಷ್ಟು ಇಳಿಸಲು ಒಪ್ಪುವುದಿಲ್ಲ. ಸ್ವಲ್ಪಸ್ವಲ್ಪವೇ ಇಳಿಸುತ್ತ, ಆಟ ನಿಂತುಹೋದರೆ ಒಂದು ಮೆಟ್ಟಿಲು ಹಿಂದೆ ಬರಬೇಕು. ವೇಗವನ್ನೂ ತುಸು ಬಿಟ್ಟುಕೊಟ್ಟು 285ರಿಂದ ಸುಮಾರು 215 ವ್ಯಾಟಿಗೆ ತಂದೆ. ಪರದೆಯ ಮೇಲೆ ಸೆಕೆಂಡಿಗೆ ಮೂಡುವ ನೂರು ಫ್ರೇಮಿನಲ್ಲಿ, ಎಂದರೆ ಚಿತ್ರದಲ್ಲಿ, ನಾಲ್ಕೈದು ಹೋಯಿತು.

ಆದರೂ ಆ ಉಬ್ಬಿದ ಪ್ಯಾನೆಲ್, ಮಡಚಿದ ಕೇಬಲ್ ನೋಡಲಾಗದೆ ಎಲ್ಲವನ್ನೂ 18 ಲೀಟರಿನ ಕ್ಯಾಬಿನೆಟ್ಟಿಗೆ ಸಾಗಿಸಿದೆ. ಎಂಟು ಲೀಟರ್ ಹೆಚ್ಚಾದದ್ದಕ್ಕೆ ಎತ್ತರದ ಕೂಲರ್ ಬಂತು, 120 ಮಿ.ಮೀ.ನ ಎರಡು ಫ್ಯಾನ್ ನಿಮಿಷಕ್ಕೆ 800 ಸುತ್ತಿನಲ್ಲಿ ತಿರುಗುತ್ತವೆ, ಕೇಬಲ್ ನೆಟ್ಟಗಿದೆ. ರೈಸರ್ ಬೇಕೇ ಇಲ್ಲ, ಕಾರ್ಡ್ ನೇರ ಬೋರ್ಡಿಗೇ ಕೂರುತ್ತದೆ. ಮಗಳು ಮತ್ತೆ ಕೋಣೆಯಲ್ಲೇ ಮಲಗುತ್ತಾಳೆ. ರೈಲಿಗೆ ಮಾತ್ರ ಅದನ್ನು ಹತ್ತಿಸುವುದಿಲ್ಲ.

ನೀವು ಕೊಳ್ಳಲೇಬೇಕೆಂದಿದ್ದರೆ ಹಣ ಕೊಡುವ ಮೊದಲು ಕ್ಯಾಬಿನೆಟ್ಟಿನ ಕೈಪಿಡಿಯನ್ನು ತಯಾರಕರ ಜಾಲತಾಣದಿಂದ ಇಳಿಸಿಕೊಂಡು ಆ ಕೊನೆಯ ಪುಟದ ಕೋಷ್ಟಕ ಓದಿ. ಕಾರ್ಡಿನ ಮೂರೂ ಅಳತೆಯನ್ನು ಮಿಲಿಮೀಟರಿನಲ್ಲಿ ಬರೆದುಕೊಳ್ಳಿ, ಸ್ಲಾಟಿನ ಲೆಕ್ಕ ನಂಬಬೇಡಿ. ಅಂಗಡಿಯಲ್ಲಿ ಒಂದೊಂದು ಭಾಗದ ಬಗ್ಗೆ ಕೇಳಬೇಡಿ, ಇಡೀ ಪಟ್ಟಿ ತೋರಿಸಿ ಕೇಳಿ. ಕೂರದಿದ್ದರೆ ವಾಪಸ್ ತೆಗೆದುಕೊಳ್ಳುತ್ತೇವೆ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ಉತ್ತರ ಸಿಕ್ಕಿತು.

ಹಳೆಯ ಕ್ಯಾಬಿನೆಟ್ ಅಟ್ಟದ ಮೇಲಿದೆ. ಹದಿನೇಳೂವರೆ ಸಾವಿರದ್ದು, ಎಂಟಕ್ಕೆ ಮಾರಾಟಕ್ಕಿಟ್ಟಿದ್ದೆ. ಕಳೆದ ವಾರ ಒಬ್ಬ ಹುಡುಗ ಫೋನ್ ಮಾಡಿ, "ಸಾರ್, ಮೂರು ಸ್ಲಾಟಿನ ಕಾರ್ಡ್ ಕೂರುತ್ತದೆಯೇ?" ಎಂದು ಕೇಳಿದ. ಯಾವ ಕೂಲರ್ ಹಾಕುತ್ತೀಯಪ್ಪ ಎಂದು ಕೇಳಿ, ಅರ್ಧ ಗಂಟೆ ಮಾತಾಡಿದೆ. ಅವನು ಕೊಳ್ಳಲಿಲ್ಲ.